ನಾಲ್ಕೂವರೆಗೆ ಕಿಟಕಿ ಮುಚ್ಚಬೇಕು

ಉತ್ತರ ಕರ್ನಾಟಕ ಅಂದ ಕೂಡಲೇ ಬಹಳ ಜನರಿಗೆ ನೆನಪಾಗುವುದು ಬಿಸಿಲು. ಬಿಸಿಲು, ಕಟಕ್ ರೊಟ್ಟಿ, ಕೆಂಪು ಖಾರ, ಮುಗೀತು. ನಮ್ಮ ಬೆಳಗಾವಿ ಸಮುದ್ರಮಟ್ಟದಿಂದ 750 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್–ಜನವರಿಯಲ್ಲಿ ರಾತ್ರಿ 13–14 ಡಿಗ್ರಿಗೆ ಇಳಿಯುವುದು ಇಲ್ಲಿ ಮಾಮೂಲಿ, ಕೆಲವು ದಿನ 10ರ ಹತ್ತಿರ ಹೋಗಿ ಬೆಳಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಸೆಟೆದುಕೊಳ್ಳುತ್ತದೆ ಅಂತ ಹೇಳಿದರೆ ಮಂದಿ ನಗುತ್ತಾರೆ. ಚಳಿಗಾಲದ ಅಧಿವೇಶನಕ್ಕೆ ಅಂತ ಸುವರ್ಣಸೌಧದ ಕಡೆ ಬರುವ ನನ್ನ ಗೆಳೆಯನೊಬ್ಬ ಪ್ರತಿ ವರ್ಷ ಸ್ವೆಟರ್ ಮರೆತೇ ಬರುತ್ತಾನೆ. ಪ್ರತಿ ವರ್ಷ ಖಡೇಬಜಾರಿನಲ್ಲಿ ಹೊಸದೊಂದು ಕೊಳ್ಳುತ್ತಾನೆ.

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಈಗ ಇರುವುದು ಬೆಳಗಾವಿಯ ವಡಗಾವಿಯಲ್ಲಿ, ನೇಕಾರರ ಓಣಿಯ ಒಂದು ಹಳೆ ಹಂಚಿನ ಬಾಡಿಗೆ ಮನೆಯಲ್ಲಿ. ಕೆಲಸ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ, ಲೆಕ್ಕ ಬರೆಯುವುದು. ದಿನವಿಡೀ ಕುಲುಮೆಯ ಪಕ್ಕದ ರೂಮಿನಲ್ಲಿ ಬೆವರುತ್ತಾ ಕೂತು, ರಾತ್ರಿ ಮನೆಗೆ ಬಂದು ಹಲ್ಲು ಕಟಕಟ ಅನ್ನಿಸಿಕೊಂಡು ಮಲಗುವ ಬದುಕು ನನ್ನದು.

ಮನೆ ಚಂದ ಇದೆ, ಸುಳ್ಳು ಹೇಳಬಾರದು. ಮಂಗಳೂರು ಹಂಚು, ದಪ್ಪ ಗೋಡೆ, ಕೆಳಗೆ ಫರ್ಸಿ ಕಲ್ಲು, ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ. ಬೇಸಿಗೆಯಲ್ಲಿ ಸ್ವರ್ಗ. ಚಳಿಗಾಲದಲ್ಲಿ ಮಾತ್ರ ಹಂಚಿನ ಸಂದಿಯಿಂದ ಗಾಳಿ ಇಳಿಯುತ್ತದೆ, ಫರ್ಸಿಯಿಂದ ಥಂಡಿ ಏರುತ್ತದೆ, ನಾವು ನಡುವೆ ಸಿಕ್ಕಿಕೊಂಡಿರುತ್ತೇವೆ.

ಮೊದಲ ವರ್ಷ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಹೀಟರ್ ತಂದೆ. ಅವ್ವನಿಗೆ ಮೊಣಕಾಲು ನೋವು, ಚಿಕಿತ್ಸೆಗೆ ಅಂತ ಆ ಚಳಿಗಾಲ ನಮ್ಮಲ್ಲೇ ಇರಲು ಬರುವವಳಿದ್ದಳು. ಮಗಳಿಗೆ ನೆಗಡಿ ಬೇರೆ. 2000 ವ್ಯಾಟಿನದು, ಫ್ಯಾನ್ ಇರುವಂಥದು, ಹಚ್ಚಿದರೆ ಐದು ನಿಮಿಷಕ್ಕೆ ಕೋಣೆ ಬೆಚ್ಚಗೆ. ಆರಿಸಿದರೆ ಹತ್ತು ನಿಮಿಷಕ್ಕೆ ಮತ್ತೆ ಥಂಡಿ. ಬಿಸಿ ಗಾಳಿ ಮೇಲೇರುತ್ತದೆ, ಮೇಲೆ ಹಂಚಿನ ಸಂದಿ ಇದೆ, ಅಲ್ಲಿಂದ ಹೋಗಿಬಿಡುತ್ತದೆ. ನಾನು ವಡಗಾವಿಯ ಆಕಾಶವನ್ನು ಕಾಯಿಸುತ್ತಿದ್ದೆ ಅಂತ ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ತಿಳಿಸಿದ್ದು ಬಿಲ್ಲು. ಲೆಕ್ಕದವನು ನಾನು, ನನಗೇ ಲೆಕ್ಕ ತಪ್ಪಿತ್ತು ಅನ್ನುವುದು ಇನ್ನೂ ನಾಚಿಕೆ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ ತಿಂಗಳಿಗೆ 200 ಯೂನಿಟ್ ಕರೆಂಟು ಪುಕ್ಕಟೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 2022–23ರಲ್ಲಿ ಆ ಮನೆಯ ಸರಾಸರಿ ಎಷ್ಟಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಜಾಸ್ತಿ, ಅಷ್ಟು ಪುಕ್ಕಟೆ ಅಂತ ಯೋಜನೆ ಶುರುವಾಯಿತು. ನಮ್ಮ ಮನೆಯ ಸರಾಸರಿ 62, ಹಾಗಾಗಿ ನಮಗೆ 68. ಅದರ ಮೇಲೆ ಹೋದರೆ ಹೆಚ್ಚಿದ್ದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ಪುಕ್ಕಟೆ ಇದ್ದದ್ದೂ ಸೇರಿ. ಈಗ ಹೀಟರ್ ಲೆಕ್ಕ ನೋಡಿ. 2000 ವ್ಯಾಟ್ ಅಂದರೆ ಗಂಟೆಗೆ ಎರಡು ಯೂನಿಟ್. ದಿನಕ್ಕೆ ಮೂರೂವರೆ ಗಂಟೆ ಹಚ್ಚಿದರೆ ಏಳು. ನಾವು ಹಚ್ಚಿದ್ದು ಇಪ್ಪತ್ತೆರಡು ದಿನ, ಅಂದರೆ 154. ಮನೆಯ ಮಾಮೂಲಿ 62 ಸೇರಿಸಿದರೆ 216. ಹದಿನಾರು ಯೂನಿಟ್ ದಾಟಿದ್ದಕ್ಕೆ ಸಾವಿರದ ಆರುನೂರರ ಹತ್ತಿರ ಬಿಲ್ಲು ಬಂತು. ಶೂನ್ಯ ನೋಡಿ ರೂಢಿಯಾಗಿದ್ದ ನನ್ನ ಹೆಂಡತಿ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಒಂದು ಮಾತೂ ಆಡಲಿಲ್ಲ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಹೀಟರ್ ಬಂದ್ ಆದ ಮೇಲೆ ಇದ್ದಿಲು ಅಗ್ಗ ಅಂತ ಒಂದು ಹಳೆ ಶೇಗಡಿ, ಅಂದರೆ ಇದ್ದಿಲು ಒಲೆ, ತಂದು, ಕೆಂಡ ಮಾಡಿ, ಮಲಗುವ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿಕೊಂಡೆ. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ, ಕೋಣೆ ಹಿತವಾಗಿತ್ತು. ಒಂದು ಗಂಟೆಗೆ ಮಗಳು ತಲೆ ನೋಯುತ್ತದೆ ಅಂತ ಎದ್ದಳು. ನಾನು ಎದ್ದು ನಿಂತರೆ ಕಾಲು ನನ್ನವಲ್ಲ ಅನ್ನಿಸಿತು. ಬಾಗಿಲು ತೆರೆದು ಎಲ್ಲರೂ ಅಂಗಳದಲ್ಲಿ ಕೂತೆವು, ಆ ಚಳಿಯಲ್ಲಿ. ಮರುದಿನ ನಮ್ಮ ಫೌಂಡ್ರಿಯಲ್ಲಿ ಕುಲುಮೆ ನೋಡಿಕೊಳ್ಳುವ ಹಿರಿಯರಿಗೆ ಹೇಳಿದೆ. ಅವರು ಬೈದ ಬೈಗುಳ ಇಲ್ಲಿ ಬರೆಯಲಾಗುವುದಿಲ್ಲ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ತಾನು ಕೂತುಬಿಡುತ್ತದೆ. ನಿದ್ದೆಯಲ್ಲಿದ್ದವನಿಗೆ ಗೊತ್ತೇ ಆಗುವುದಿಲ್ಲ. ದುಡ್ಡು ಉಳಿಸುವ ಬಗ್ಗೆ ಇಷ್ಟುದ್ದ ಬರೆಯುತ್ತಿದ್ದೇನೆ, ಆದರೆ ಇದೊಂದನ್ನು ಮಾತ್ರ ಯಾರೂ ಮಾಡಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ. ಶೇಗಡಿ ಈಗ ಹಿತ್ತಲಲ್ಲಿದೆ, ಅದರಲ್ಲಿ ತುಳಸಿ ಬೆಳೆದಿದೆ.

ಅವ್ವ ಬಂದದ್ದು ಇದೆಲ್ಲ ಆದ ಮರುವಾರ. ಬಸ್ಸಿನಿಂದ ಇಳಿಯುವಾಗ ಅವಳ ಜೊತೆ ಒಂದು ದೊಡ್ಡ ಗಂಟು. ಅದರಲ್ಲಿ ಹಳೆ ಬಟ್ಟೆ ಪದರಗಳನ್ನು ಸೇರಿಸಿ ಹೊಲಿದ ಒಂದು ಕೌದಿ, ಒಂದು ಕರಿ ಕಂಬಳಿ, ಎರಡು ಸೇರು ಸಜ್ಜೆ ಹಿಟ್ಟು. ಮೊಣಕಾಲು ನೋವಿನ ಹೆಂಗಸು ಇಷ್ಟು ಭಾರ ಯಾಕೆ ಹೊತ್ತು ತಂದಳು ಅಂತ ನಾನು ರೇಗಿದೆ. ಫ್ರಿಜ್ಜಿನ ಮೇಲಿನ ಬಿಲ್ಲಿನ ಕಥೆ ಸೊಸೆಯ ಬಾಯಿಂದ ಕೇಳಿ ಅವಳು ಹೇಳಿದ್ದು ಇಷ್ಟೇ: "ಮನಿ ಯಾಕ್ ಕಾಸ್ತೀರಿ? ಮೈ ಕಾಸ್ಕೋರಿ. ಮನಿಗೇನ್ ಥಂಡಿ ಹತ್ತತೈತೇನು?"

ಆಗ ನಕ್ಕೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ಸುಮ್ಮನೆ ಮಲಗಿರುವ ದೊಡ್ಡ ಮನುಷ್ಯನ ಮೈ 70–80 ವ್ಯಾಟ್ ಶಾಖ ಬಿಡುತ್ತದೆ, ಹಳೆ ಕಾಲದ 60 ವ್ಯಾಟಿನ ಹಳದಿ ಬಲ್ಬಿಗಿಂತ ಸ್ವಲ್ಪ ಜಾಸ್ತಿ. ನಾವು ನಾಲ್ಕು ಜನ. ಇಡೀ ರಾತ್ರಿ ಪುಕ್ಕಟೆ ಉರಿಯುವ ನಾಲ್ಕು ಬಲ್ಬು. ಅದನ್ನು ಎರಡು ಕೋಣೆಗಳಿಗೆ ಹಂಚಿ, ಹಂಚಿನ ಸಂದಿಯಿಂದ ಹೊರಗೆ ಬಿಟ್ಟು, ಆಮೇಲೆ ದುಡ್ಡು ಕೊಟ್ಟು ಶಾಖ ತರುತ್ತಿದ್ದೆವು. ಆವತ್ತಿನಿಂದ ಚಳಿಗಾಲದ ಎರಡು ತಿಂಗಳು ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಸಣ್ಣ ಕೋಣೆಯಲ್ಲಿ. ಮಗಳಿಗೆ ಅಜ್ಜಿಯ ಪಕ್ಕ ಜಾಗ ಸಿಕ್ಕಿತು, ಕಥೆಯೂ ಸಿಕ್ಕಿತು. ನನಗೆ ಅವ್ವನ ಗೊರಕೆ ಸಿಕ್ಕಿತು.

ಮನೆಯ ಥಂಡಿ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಅಂತ ತಿಳಿದದ್ದು ಮಗಳ ಶಾಲೆಯ ಪ್ರಾಜೆಕ್ಟಿನಿಂದ. ಒಂದು ವಾರ ದಿನಕ್ಕೆ ನಾಲ್ಕು ಸಲ ಥರ್ಮಾಮೀಟರ್ ನೋಡಿ ಬರೆದುಕೊಂಡು ಬನ್ನಿ ಅಂದಿದ್ದರು. ಅವಳು ಅಂಗಳದ್ದೂ ಬರೆದಳು, ಕೋಣೆಯದ್ದೂ ಬರೆದಳು. ಬೆಳಗ್ಗೆ ಆರಕ್ಕೆ ಹೊರಗೆ 12, ಒಳಗೆ 16. ಸರಿ. ಮಧ್ಯಾಹ್ನ ಎರಡಕ್ಕೆ ಹೊರಗೆ 29, ಒಳಗೆ 21. ಇದನ್ನು ನೋಡಿ ನಾನು ಸುಮಾರು ಹೊತ್ತು ಆ ಪಟ್ಟಿ ಹಿಡಿದೇ ಕೂತೆ. ಥಂಡಿ ಅಂತ ನಾವು ಇಡೀ ದಿನ ಕಿಟಕಿ ಬಾಗಿಲು ಬಂದ್ ಮಾಡಿ ಇಡುತ್ತಿದ್ದೆವು. ಹೊರಗೆ ಬಿಸಿಲು ಬಿದ್ದು ಹೋಗುತ್ತಿತ್ತು, ಒಳಗೆ ರಾತ್ರಿಯ ಥಂಡಿಯನ್ನು ಜತನದಿಂದ ಕಾಪಾಡುತ್ತಿದ್ದೆವು!

ಕಾಶ್ಮೀರದ ಚಳಿಗೂ ನಮ್ಮ ಚಳಿಗೂ ಇರುವ ವ್ಯತ್ಯಾಸ ಇದೇ. ನಮ್ಮದು ರಾತ್ರಿಯ ಚಳಿ ಮಾತ್ರ. ಮಳೆಗಾಲ ಮುಗಿದು ಗಾಳಿ ಒಣಗಿ, ಆಕಾಶ ಸ್ವಚ್ಛ ಆದಾಗ, ಹಗಲು ಕಾದ ನೆಲ, ಹಂಚು, ಸ್ಲ್ಯಾಬು ಎಲ್ಲ ತಮ್ಮ ಶಾಖವನ್ನು ನೇರವಾಗಿ ಮೇಲಕ್ಕೆ ಬಿಟ್ಟುಬಿಡುತ್ತವೆ. ಮೋಡ ಇದ್ದ ರಾತ್ರಿ ಚಳಿ ಕಡಿಮೆ ಇರುವುದು ಇದಕ್ಕೇ, ಮೋಡ ಆ ಶಾಖವನ್ನು ತಿರುಗಿ ಕಳಿಸುತ್ತದೆ. ವಿಜಯಪುರದಲ್ಲೂ ಇದೇ ಕಥೆ, ಹಗಲು ಅಂಗಿ ಬಿಚ್ಚಬೇಕು ಅನ್ನಿಸುತ್ತದೆ, ಬೆಳಗಿನ ಜಾವ ಮೂರು ಹೊದಿಕೆ ಸಾಲುವುದಿಲ್ಲ. ಅಂದರೆ ಶಾಖ ಕೊಳ್ಳಬೇಕಿಲ್ಲ. ದಿನಾಲೂ ಬಾಗಿಲಿಗೇ ಬರುತ್ತದೆ, ಒಳಗೆ ಕರೆದು ಕೂರಿಸಿಕೊಳ್ಳಬೇಕು ಅಷ್ಟೇ.

ಈಗ ನಮ್ಮ ಮನೆಯ ನಿಯಮ ಹೀಗಿದೆ. ಬೆಳಗ್ಗೆ ಹತ್ತೂವರೆ ತನಕ ಕಿಟಕಿ ಮುಚ್ಚಿರಬೇಕು. ಆಮೇಲೆ ಎಲ್ಲವನ್ನೂ ತೆರೆದು, ಪರದೆ ಸರಿಸಿ, ಮಧ್ಯಾಹ್ನದ ಮೇಲೆ ಪಶ್ಚಿಮದ ಕಿಟಕಿಯಿಂದ ಬರುವ ಬಿಸಿಲು ಫರ್ಸಿಯ ಮೇಲೂ ಎದುರಿನ ಗೋಡೆಯ ಮೇಲೂ ಬೀಳುವಂತೆ ಕಾಟು ಎಳೆದಿಡಬೇಕು. ನಾಲ್ಕೂವರೆಗೆ ಎಲ್ಲ ಮುಚ್ಚಬೇಕು, ಬಿಸಿಲು ಇನ್ನೂ ಇರುವಾಗಲೇ. ಐದೂವರೆಗೆ ಮುಚ್ಚಿದರೆ ತಡವಾಯಿತು. ಫೌಂಡ್ರಿಯಲ್ಲಿ ಸಂಜೆ ಎರಕ ಹೊಯ್ದ ಮರಳಿನ ಪೆಟ್ಟಿಗೆ ಮರುದಿನ ಬೆಳಗ್ಗೆ ಮುಟ್ಟಿದರೂ ಬೆಚ್ಚಗೆ ಇರುತ್ತದೆ, ಮರಳು ಅಷ್ಟು ಸುಲಭಕ್ಕೆ ಶಾಖ ಬಿಟ್ಟುಕೊಡುವುದಿಲ್ಲ. ದಪ್ಪ ಗೋಡೆಯೂ ಹಾಗೇ. ಎಂಟು ವರ್ಷ ಆ ಪೆಟ್ಟಿಗೆಗಳನ್ನು ದಾಟಿಕೊಂಡು ಓಡಾಡಿದ್ದೇನೆ, ಮನೆಯ ಗೋಡೆಯ ಬಗ್ಗೆ ಒಮ್ಮೆಯೂ ಹೊಳೆದಿರಲಿಲ್ಲ.

ಗೋಡೆಗೆ ಇನ್ನೊಂದು ಮಾತಿದೆ. ಬೆಳಗಾವಿಯ ಮಳೆಗೆ ಹಳೆ ಗೋಡೆ ನೀರು ಕುಡಿದಿರುತ್ತದೆ. ಹಸಿ ಗೋಡೆ ಕಾಯುವುದೇ ಇಲ್ಲ, ಬಿದ್ದ ಬಿಸಿಲೆಲ್ಲ ಆ ನೀರು ಒಣಗಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಅಕ್ಟೋಬರಿನಲ್ಲೇ ಗೋಡೆಗೆ ಒತ್ತಿಟ್ಟ ಕಪಾಟು, ಟ್ರಂಕು ಎಲ್ಲ ಒಂದು ಗೇಣು ಮುಂದಕ್ಕೆ ಎಳೆದು ಗಾಳಿ ಆಡಿಸುತ್ತೇವೆ. ಟ್ರಂಕಿನ ಹಿಂದೆ ಹೋದ ವರ್ಷ ಕಳೆದಿದ್ದ ಎರಡು ಚಮಚ ಸಿಕ್ಕವು, ಅದು ಬೇರೆ ಲಾಭ.

ಮೇಲಿನ ಹಂಚಿನ ವಿಷಯ ಬಗೆಹರಿಸಿದ್ದು ಫ್ಲೆಕ್ಸ್. ಸೀಲಿಂಗ್ ಮಾಡಿಸಲು ಕೇಳಿದರೆ ಹೇಳಿದ ದುಡ್ಡಿಗೆ ನಮ್ಮ ಮೂರು ತಿಂಗಳ ಬಾಡಿಗೆ ಕಟ್ಟಬಹುದಿತ್ತು. ಮಾಲಕರಾದ ಮರಾಠಿ ಕಾಕಾ, "ಅರೇ, ಅದಕ್ಯಾಕೆ ಖರ್ಚು, ಬ್ಯಾನರ್ ಕಟ್ಟು" ಅಂದರು. ಓಣಿಯಲ್ಲಿ ಹಬ್ಬ, ಹುಟ್ಟುಹಬ್ಬ, ಚುನಾವಣೆ ಮುಗಿದ ಮೇಲೆ ಬ್ಯಾನರಿಗೇನು ಬರವೇ? ಕೇಳಿ ತೆಗೆದುಕೊಂಡು ಬಂದೆ. ಹಂಚಿನ ಕೆಳಗಿನ ಪಟ್ಟಿಗಳಿಗೆ ಹಗ್ಗದಿಂದ ಎಳೆದು ಕಟ್ಟಿ, ಅದರ ಕೆಳಗೆ ಹಳೆ ಬೆಡ್‌ಶೀಟು ಬಿಗಿದೆವು. ಬರೀ ಫ್ಲೆಕ್ಸಿನಿಂದ ಪೂರ್ತಿ ಕೆಲಸ ಆಗುವುದಿಲ್ಲ. ಅದು ಗಾಳಿ ತಡೆಯುತ್ತದೆ, ಅದರ ಮತ್ತು ಬೆಡ್‌ಶೀಟಿನ ನಡುವೆ ನಿಂತ ಗಾಳಿ ಶಾಖ ಹಿಡಿದಿಡುತ್ತದೆ. ಅಡಿಗೆ ಮನೆಯ ಮೇಲೆ ಮಾತ್ರ ಕಟ್ಟಲಿಲ್ಲ, ಬೆಂಕಿ ಹತ್ತಿರ ಪ್ಲಾಸ್ಟಿಕ್ ಬೇಡ. ಬೆಡ್‌ಶೀಟು ಒಂದು ಮೂಲೆಯಲ್ಲಿ ಸ್ವಲ್ಪ ಚಿಕ್ಕದಾಯಿತು. ಅಲ್ಲಿಂದ ಒಬ್ಬ ನಾಯಕರು ಕೈ ಮುಗಿದು, ಸನ್‌ಗ್ಲಾಸ್ ಹಾಕಿಕೊಂಡು, ನಾವು ಮಲಗುವುದನ್ನು ರಾತ್ರಿಯಿಡೀ ನೋಡುತ್ತಿರುತ್ತಾರೆ.

ಬಾಗಿಲ ಕೆಳಗಿನ ಸಂದಿಗೆ ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಅದರಲ್ಲಿ ಮರಳು ತುಂಬಿ ಹೊಲಿದ ಚೀಲ. ಕಿಟಕಿಯ ಸಂದಿಗೆ ಪೇಪರ್ ಮಡಿಸಿ ತುರುಕಿದ್ದು. ಇದರಲ್ಲಿ ಬರೆಯುವಂಥದ್ದೇನಿಲ್ಲ, ಆದರೆ ಐದು ರೂಪಾಯಿ ಖರ್ಚಿಲ್ಲದೆ ಇಷ್ಟು ಫರಕು ಮಾಡಿದ್ದು ಬೇರೆ ಯಾವುದೂ ಇಲ್ಲ. ಮೊಬೈಲಿನಲ್ಲಿ ನೋಡಿ ಮೇಣದಬತ್ತಿಯ ಮೇಲೆ ಮಣ್ಣಿನ ಕುಂಡ ಬೋರಲು ಹಾಕುವ ಪ್ರಯೋಗವೂ ಮಾಡಿದೆ. ಕುಂಡ ಬಿಸಿಯಾಯಿತು. ಕೋಣೆ ಆಗಲಿಲ್ಲ. ಮೇಣದಬತ್ತಿ ದುಡ್ಡು ಹೋಯಿತು.

ಹಾಸಿಗೆಯ ವಿಷಯದಲ್ಲಿ ಅವ್ವ ನನ್ನನ್ನು ಪೂರ್ತಿ ತಿದ್ದಿದಳು. ನಾವು ಮೇಲೆ ಹೊದೆಯಲು ಒಂದರ ಮೇಲೊಂದು ಕೊಳ್ಳುತ್ತಿದ್ದೆವು, ದುಬಾರಿ ಬ್ಲ್ಯಾಂಕೆಟ್ ಕೂಡ ತಂದಿದ್ದೆವು. ಅವಳು ತಂದ ಕಂಬಳಿಯನ್ನು ನಾನು ಅವಳ ಮೈ ಮೇಲೆ ಹೊದಿಸಲು ಹೋದರೆ, ಕಸಿದುಕೊಂಡು ಕೆಳಗೆ ಹಾಸಿದಳು. "ಥಂಡಿ ತಳದಿಂದ ಬರ್ತೈತಿ, ಮ್ಯಾಲಿಂದಲ್ಲ." ಮೈ ಭಾರಕ್ಕೆ ಕೆಳಗಿನ ಗಾದಿ ಚಪ್ಪಟೆಯಾಗುತ್ತದೆ, ಅದರಲ್ಲಿ ಗಾಳಿ ಉಳಿಯುವುದಿಲ್ಲ, ಫರ್ಸಿ ಶಾಖ ಎಳೆದುಕೊಳ್ಳುತ್ತದೆ. ಈಗ ನಮ್ಮ ಕ್ರಮ: ಫರ್ಸಿಯ ಮೇಲೆ ಗೋಣಿ ತಟ್ಟು, ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ, ಆಮೇಲೆ ಗಾದಿ. ಕುರುಬರು ನೇಯುವ ಈ ಕರಿ ಕಂಬಳಿಗೆ ಹುಣಸೆ ಬೀಜದ ಸರಿ ಹಚ್ಚುತ್ತಾರೆ, ಹೊಸದರಲ್ಲಿ ಹಲಗೆಯಂತೆ ಬಿರುಸು. ಚುಚ್ಚುತ್ತದೆ ಅಂತ ನನ್ನ ಮಗಳು ದೂರ ಇಟ್ಟಿದ್ದಳು. ಕೆಳಗೆ ಹಾಸಿದರೆ ಯಾರಿಗೆ ಚುಚ್ಚಬೇಕು?

ಇನ್ನು ಕೌದಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ಅವ್ವ ತಂದ ಕೌದಿ ಅಪ್ಪನ ಕಾಲದ್ದು. ಮೇಲೆ ಕೆಳಗೆ ಅವಳ ಎರಡು ಹಳೆ ಇಳಕಲ್ ಸೀರೆ, ನಡುವೆ ಅಪ್ಪನ ಧೋತರದ ಪದರಗಳು, ಎಲ್ಲೋ ಒಂದು ಕಡೆ ನನ್ನ ಶಾಲೆಯ ಖಾಕಿ ಚಡ್ಡಿ. ತೂಕ ನಾಲ್ಕು ಕಿಲೋ ಇರಬಹುದು. ಹೊದ್ದುಕೊಂಡರೆ ಯಾರೋ ಮೇಲೆ ಕೈ ಇಟ್ಟು ಮಲಗಿಸಿದ ಹಾಗೆ. ಪ್ರತಿ ವರ್ಷ ಮಾನೌಮಿಗೆ, ಅಂದರೆ ಮಹಾನವಮಿಗೆ, ಮುಂಚೆ ಊರಿನ ಹೆಂಗಸರೆಲ್ಲ ಕೌದಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೊಳೆಗೆ ಹೋಗಿ ಒಗೆಯುತ್ತಿದ್ದರು. ಒದ್ದೆ ಕೌದಿ ಹಿಂಡಲು ಇಬ್ಬರು ಬೇಕು, ಒಬ್ಬರು ಈ ತುದಿ, ಒಬ್ಬರು ಆ ತುದಿ.

ಇಲ್ಲಿ ಅವ್ವನಿಗೆ ಹೊತ್ತು ಹೋಗುತ್ತಿರಲಿಲ್ಲ. ಎರಡನೇ ವಾರಕ್ಕೇ ಸೊಸೆಯ ಹತ್ತಿರ ಹಳೆ ಬಟ್ಟೆ ಕೇಳಿದಳು. ನಮ್ಮ ಮನೆಯಲ್ಲಿ ಹಳೆ ಬಟ್ಟೆ ಇತ್ತು, ಹತ್ತಿಯದು ಇರಲಿಲ್ಲ. ಪಾಲಿಸ್ಟರ್ ಮುಟ್ಟಿ ನೋಡಿ ಪಕ್ಕಕ್ಕೆ ಎಸೆದಳು, "ಜಾರ್ತೈತಿ. ಸೂಜಿ ಹಿಡಿಯಂಗಿಲ್ಲ." ಖಾಸಬಾಗದ ರವಿವಾರದ ಸಂತೆಗೆ ಹೋಗಿ ಹಳೆ ಹತ್ತಿ ಬೆಡ್‌ಶೀಟು, ಎರಡು ಲುಂಗಿ ಆರಿಸಿ ತಂದೆವು. ಬೇಕಾದದ್ದು ಅದು, ದಪ್ಪ ದಾರದ ಉಂಡೆ ಮತ್ತು ಉದ್ದ ಸೂಜಿ. ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ.

ಬಿಸಿಲು ಬೀಳುವ ಕಡೆ ಬಟ್ಟೆ ಹರಡಿ, ನಾಲ್ಕು ಮೂಲೆಗೆ ತೊಗರಿ ಬೇಳೆಯ ಡಬ್ಬಿ, ಅಕ್ಕಿ ಡಬ್ಬಿ ಇಟ್ಟು ಎಳೆದು, ಮೊದಲು ದೊಡ್ಡ ಟಾಕು ಹಾಕಿ ಹಿಡಿಸಿದಳು. ಆಮೇಲೆ ಅಂಚಿನಿಂದ ಶುರು. ಅಂಚಿನಗುಂಟ ಒಂದು ಸುತ್ತು, ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ನಡುವಿಗೆ ಬರಬೇಕು. ಟಾಕು ಗೋಧಿ ಕಾಳಿನಷ್ಟು. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಒಂದು ಬೆರಳು. ಅವಳ ಬಲಗೈ ಮೇಲಿಂದ ಸೂಜಿ ಕಳಿಸಿದರೆ ಎಡಗೈ ಕೆಳಗೆ ಅದನ್ನು ಕಾಯುತ್ತಿರುತ್ತದೆ, ಬೆರಳ ತುದಿಗೆ ಮುಳ್ಳಿನಷ್ಟು ತಾಗಿದ ಕೂಡಲೇ ತಿರುಗಿಸಿ ಮೇಲೆ ಕಳಿಸುತ್ತದೆ. ಆ ಎಡಗೈಯ ತೋರುಬೆರಳು ಗಟ್ಟಿಯಾಗಿದೆ, ಗುದ್ದಲಿ ಹಿಡಿದವರ ಅಂಗೈಯ ಹಾಗೆ. ಯಾಕೆ ಇಷ್ಟು ಒತ್ತಾಗಿ ಹೊಲಿಯಬೇಕು ಅಂತ ಮಗಳು ಕೇಳಿದಳು. "ಇಲ್ಲಾಂದ್ರ ಒಳಗಿನ ಅರಿವಿ ಎಲ್ಲಾ ಒಂದ್ ಕಡೆ ಹೋಗಿ ಕೂಡ್ತಾವ ಆಯಿ, ಮನ್ಯಾಗಿನ ಮಂದೀ ಹಂಗ" ಅಂದಳು ಅವ್ವ. ಮೊಮ್ಮಗಳನ್ನು ಅವಳು ಆಯಿ ಅಂತಲೇ ಕರೆಯುವುದು. ಪದರ ಪದರದ ನಡುವೆ ತೆಳ್ಳಗೆ ಗಾಳಿ ನಿಂತಿರಬೇಕು, ಬೆಚ್ಚಗಿಡುವುದು ಅದೇ. ಬಟ್ಟೆ ಸರಿದರೆ ಅಲ್ಲಿ ಥಂಡಿ ನುಗ್ಗುತ್ತದೆ.

ಐದು ವಾರ ಹಿಡಿಯಿತು. ನಡುವೆ ಮೊಣಕಾಲು ಹಿಡಿದುಕೊಂಡಾಗ ಬಾಣಲೆಯಲ್ಲಿ ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದೆವು. ಅದೇ ಗಂಟನ್ನು ರಾತ್ರಿ ಮಗಳು ಕಾಲ ಬಳಿ ಇಟ್ಟುಕೊಂಡು ಮಲಗುತ್ತಿದ್ದಳು.

ಸ್ನಾನದ ನೀರಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಜವಾಗಿ ಕರೆಂಟು ತಿನ್ನುವುದು ಅದು. 20 ಲೀಟರಿನ ಒಂದು ಬಕೆಟ್ ನೀರನ್ನು 18 ಡಿಗ್ರಿಯಿಂದ 42ಕ್ಕೆ ತರಲು ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು. ನಾಲ್ಕು ಜನ, ಮೂವತ್ತು ದಿನ, ಅಲ್ಲಿಗೇ 65 ದಾಟಿತು. ನಮ್ಮ ಇಡೀ ಪುಕ್ಕಟೆ ಪಾಲು ಬಚ್ಚಲಿನಲ್ಲೇ ಹರಿದು ಹೋಗುತ್ತದೆ! ಊರಲ್ಲಿ ಅವ್ವನಿಗೆ ಈ ಚಿಂತೆ ಇಲ್ಲ, ಬಚ್ಚಲ ಒಲೆಗೆ ತೊಗರಿ ಕಟಗಿ, ಹತ್ತಿ ಕಟಗಿ, ಕುಳ್ಳು ಹಾಕಿ ಹಂಡೆ ಕಾಯಿಸುತ್ತಾಳೆ. ಇಲ್ಲಿ ನಾವು ಹಿತ್ತಲಲ್ಲಿ ಬಿಸಿಲು ಬೀಳುವ ಕಡೆ ಎರಡು ಕರಿ ಡ್ರಮ್ ಇಟ್ಟೆವು. ಸಂಜೆ ನಾಲ್ಕಕ್ಕೆ ನೀರು ಉಗುರುಬೆಚ್ಚಗೆ, ಮೂವತ್ತರ ಮೇಲೆ. ಅವ್ವ ಮತ್ತು ಮಗಳ ಸ್ನಾನ ಆಗಲೇ, ಸ್ವಲ್ಪ ಬಿಸಿನೀರು ಬೆರೆಸಿದರೆ ಸಾಕು. ನನ್ನದು ಮಾತ್ರ ಬೆಳಗ್ಗೆ, ಹಾಗಾಗಿ ನೀರು ಕಾಯಿಸುವ ಕರೆಂಟಿನ ಕಾಯಿಲ್ ಒಂದೇ ಸಲ ಹಚ್ಚುತ್ತೇವೆ. ಹೆಂಡತಿ ವಾರಕ್ಕೆ ನಾಲ್ಕು ದಿನ ಸಂಜೆ, ಮೂರು ದಿನ ಬೆಳಗ್ಗೆ. ಯಾವ ದಿನ ಯಾವುದು ಅಂತ ಕೇಳುವ ಧೈರ್ಯ ನನಗಿಲ್ಲ.

ಊಟದ ಬಗ್ಗೆ ಹೇಳಲು ಹೊರಟರೆ ಮುಗಿಯುವುದಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಬೆಲ್ಲ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ನಮ್ಮಲ್ಲಿ ಇದು ಆಗಲೇಬೇಕು, ಆದರೆ ಅವ್ವ ಇದ್ದಷ್ಟು ದಿನ ನಮಗೆ ದಿನಾಲೂ ಭೋಗಿ. ರಾತ್ರಿ ಅಡಿಗೆಯನ್ನು ಎಂಟರ ಮೇಲೆ ಶುರುಮಾಡಿ, ನಡುವಿನ ಬಾಗಿಲು ತೆರೆದಿಟ್ಟರೆ ಒಲೆಯ ಶಾಖ ಮಲಗುವ ಕೋಣೆಗೂ ಬರುತ್ತದೆ. ಅಡಿಗೆ ಮನೆಯ ಕಿಟಕಿ ಮಾತ್ರ ನಾಲ್ಕು ಬೆರಳು ತೆರೆದೇ ಇರುತ್ತದೆ. ಆ ಶೇಗಡಿಯ ರಾತ್ರಿ ನನಗೆ ಇನ್ನೂ ನೆನಪಿದೆ.

ಹೋದ ಜನವರಿಯಲ್ಲಿ ಮಗಳು ಮತ್ತೆ ಥರ್ಮಾಮೀಟರ್ ಹಿಡಿದಳು, ಈ ಸಲ ಶಾಲೆ ಕೇಳಿರಲಿಲ್ಲ. ಬೆಳಗ್ಗೆ ಆರಕ್ಕೆ ಹೊರಗೆ 12, ಕೋಣೆಯಲ್ಲಿ 19. ಮೂರು ಡಿಗ್ರಿ ಗೆದ್ದಿದ್ದೇವೆ. ಆ ತಿಂಗಳ ಬಿಲ್ಲು 64 ಯೂನಿಟ್, ಕಟ್ಟಬೇಕಾದದ್ದು ಶೂನ್ಯ. ಹೆಂಡತಿ ಅದನ್ನೂ ಫ್ರಿಜ್ಜಿಗೆ ಅಂಟಿಸಿದಳು, ಹಳೆಯದರ ಪಕ್ಕದಲ್ಲಿ. ಹಳೆಯದನ್ನು ತೆಗೆಯಲಿಲ್ಲ.

ಹೀಟರ್ ಅಟ್ಟದ ಮೇಲಿದೆ. ಮಾರಲು ಹೋದರೆ ಕೊಟ್ಟದ್ದರ ಕಾಲು ಭಾಗವೂ ಬರುವುದಿಲ್ಲ ಅಂದರು. ಅವ್ವ ಶಿವರಾತ್ರಿ ಮುಗಿದ ಮೇಲೆ ಊರಿಗೆ ಹೋದಳು, ಹೊಸ ಕೌದಿ ನಮಗೆ ಬಿಟ್ಟು, ಅಪ್ಪನದನ್ನು ಮತ್ತೆ ಗಂಟು ಕಟ್ಟಿಕೊಂಡು. ಈ ಡಿಸೆಂಬರಿಗೆ ಮತ್ತೆ ಬರುತ್ತಾಳೆ. ಈಗಲೇ ಫೋನಿನಲ್ಲಿ ಶುರುವಾಗಿದೆ: ನನ್ನ ಆಫೀಸಿನ ಎರಡು ಬಿಳಿ ಹತ್ತಿ ಅಂಗಿ ಇನ್ನೂ ಹರಿದಿಲ್ಲವೇ ಅಂತ. ಇಲ್ಲ ಅವ್ವ, ಇನ್ನೂ ಒಂದು ವರ್ಷ ಬರುತ್ತವೆ ಅಂದೆ. ಸುಮ್ಮನಾದಳು. ಆಮೇಲೆ ಹೆಂಡತಿಗೆ ಫೋನ್ ಕೊಡು ಅಂದಳು.